ಮುಂದಾಳುವಿನ ಹಿಂದಿನ ಹೆಗಲುಗಳು: ಒಂದು ವರ್ಷದ ಬರವಣಿಗೆಯ ಹಿನ್ನೋಟ



ಕಳೆದ ವರ್ಷದ ಬಸವ ಜಯಂತಿಯ ಸಂಚಿಕೆಯಿಂದ ಮೊದಲ್ಗೊಂಡು ಈ ಪುಟಗಳಲ್ಲಿ ನಾಯಕತ್ವ ಹಾಗೂ ಕೂಡಿ ದುಡಿಯುವ ಬಗೆ ಎಂಬ ವಿಷಯವಾಗಿ ತಿಂಗಳಿಗೊಂದರಂತೆ ಲೇಖನಗಳು ಪ್ರಕಟವಾಗುತ್ತ ಬಂದವು. ಹಿಂದಿನ ಸಂಚಿಕೆಗೆ ಹನ್ನೊಂದು ಲೇಖನಗಳು ಮುಗಿದವು. ಇದು ಹನ್ನೆರಡನೆಯದು, ಕೊನೆಯದು. ಸುಗ್ಗಿ ಮುಗಿದ ಮೇಲೆ ಒಕ್ಕಲಿಗನು ಕಣದಲ್ಲಿ ಕುಳಿತು ಕಾಳೆಷ್ಟು, ಹೊಟ್ಟೆಷ್ಟು ಎಂದು ನೋಡಿಕೊಳ್ಳುವುದು ರೂಢಿ. ಬರೆದವನಿಗೂ ಅಂಥದೊಂದು ಕೆಲಸವಿದೆ. ಆದುದರಿಂದ ಈ ತಿಂಗಳು ಹೊಸ ವಿಷಯವನ್ನು ಎತ್ತಿಕೊಳ್ಳದೆ, ಹನ್ನೊಂದು ಸಂಚಿಕೆಗಳನ್ನೂ ಮುಂದಿಟ್ಟುಕೊಂಡು ಮೊದಲಿನಿಂದ ಓದಿದೆನು.

ಓದಿದಾಗ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಹನ್ನೊಂದರಲ್ಲಿ ಎಂಟು ಲೇಖನಗಳ ಶೀರ್ಷಿಕೆಯಲ್ಲಿ ಒಬ್ಬೊಬ್ಬ ಮಹನೀಯರ ಹೆಸರಿತ್ತು. ಸಂಘಜೀವನದ ವಿಷಯ ಬರೆಯುತ್ತೇನೆಂದು ಹೊರಟವನು ವ್ಯಕ್ತಿಗಳ ಸ್ತೋತ್ರವನ್ನು ಬರೆದು ಮುಗಿಸಿದ್ದೆನು. ಅವರು ಸ್ತೋತ್ರಕ್ಕೆ ಅರ್ಹರಲ್ಲವೆಂದಲ್ಲ. ಆದರೆ ಅವರ ಸುತ್ತ ನಿಂತವರು, ಅವರು ಹೇಳಿದುದನ್ನು ಕೇಳಿ ಹೆಗಲು ಕೊಟ್ಟವರು, ಅವರು ಎದ್ದುಹೋದ ಮೇಲೂ ಕೆಲಸ ನಿಲ್ಲದಂತೆ ನೋಡಿಕೊಂಡವರು ನನ್ನ ಬರಹದಲ್ಲಿ ಒಂದೊಂದು ವಾಕ್ಯಕ್ಕೆ ಸೀಮಿತರಾಗಿದ್ದರು.

ಇದನ್ನು ನಾನು ಕಾಣುವ ಮೊದಲೇ ಓದುಗರೊಬ್ಬರು ಕಂಡಿದ್ದರು. ಮಾಘ ಮಾಸದಲ್ಲಿ ತಾಯಿಯೊಬ್ಬರು ಬರೆದ ಪತ್ರವು ನನ್ನ ಮೇಜಿನ ಮೇಲೆ ಇನ್ನೂ ಇದೆ. “ದಾಸೋಹ ನಡೆಸಿದ ದೊಡ್ಡವರ ಹೆಸರನ್ನು ತಿಂಗಳು ತಿಂಗಳೂ ಓದಿ ಸಂತೋಷಪಟ್ಟೆವು. ಪಂಕ್ತಿ ಎದ್ದ ಮೇಲೆ ಕೊಪ್ಪರಿಗೆ ತಿಕ್ಕಿದವರು ಯಾರೆಂದು ಒಮ್ಮೆಯಾದರೂ ಬರೆಯಬೇಕು” ಎಂದು ಅವರು ಕೇಳಿದ್ದರು. ಆಗ ಅದನ್ನು ಓದಿ ನಗುತ್ತ ಬದಿಗಿಟ್ಟಿದ್ದೆನು. ಈಗ ಆ ಪತ್ರಕ್ಕೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪೀಠದಲ್ಲಿ ಕುಳ್ಳಿರಿಸಿದವರು

ಮೊದಲನೆಯ ಲೇಖನವು ಕಲ್ಯಾಣದ ಅನುಭವ ಮಂಟಪವನ್ನು ಕುರಿತದ್ದು. ಅಲ್ಲಿ ಬಸವಣ್ಣನವರ ಧೈರ್ಯ, ವಾಕ್ಶಕ್ತಿ, ಅಧಿಕಾರ ಇವುಗಳ ವಿಷಯವಾಗಿ ನಾಲ್ಕು ಪುಟ ಬರೆದಿದ್ದೆನು. ಮುಖ್ಯವಾದ ಒಂದು ಸಂಗತಿಯನ್ನು ಮಾತ್ರ ಅರ್ಧ ಸಾಲಿನಲ್ಲಿ ಮುಗಿಸಿದ್ದೆನು. ಬಿಜ್ಜಳನ ರಾಜ್ಯದಲ್ಲಿ ಭಂಡಾರದ ಹೊಣೆ ಹೊತ್ತಿದ್ದವರು ಬಸವಣ್ಣನವರು. ಮಹಾಮನೆ ಅವರದು. ಜನ ಬಂದುದು ಅವರ ಹೆಸರನ್ನು ಕೇಳಿ. ಹೀಗಿದ್ದೂ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಅವರು ತಾವು ಕುಳಿತುಕೊಳ್ಳಲಿಲ್ಲ. ಅಲ್ಲಮಪ್ರಭುಗಳನ್ನು ಕರೆತಂದು ಅಲ್ಲಿ ಕುಳ್ಳಿರಿಸಿದರು. ತಮ್ಮನ್ನೂ ನಿಷ್ಠುರವಾಗಿ ಪ್ರಶ್ನಿಸಬಲ್ಲ ಒಬ್ಬ ವಿರಕ್ತನನ್ನು ತಮಗಿಂತ ಮೇಲಿನ ಪೀಠದಲ್ಲಿಟ್ಟರು. ಅಧಿಕಾರವುಳ್ಳವರು ಇಂಥ ಕೆಲಸ ಮಾಡುವುದು ಎಷ್ಟು ಅಪರೂಪವೆಂಬುದನ್ನು ನಮ್ಮ ಸಂಘ ಸಂಸ್ಥೆಗಳ ವಾರ್ಷಿಕ ಸಭೆಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಮಂಟಪದಲ್ಲಿ ಕುಳಿತವರಾದರೂ ಯಾರು? ದೋಣಿ ನಡೆಸುವ ಚೌಡಯ್ಯನವರು, ಬಟ್ಟೆ ಮಡಿ ಮಾಡುವ ಮಾಚಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ಅಡಕೆ ಎಲೆಯ ಹಡಪ ಹಿಡಿದ ಅಪ್ಪಣ್ಣನವರು, ತೊಗಲಿನ ಕೆಲಸದ ಕಕ್ಕಯ್ಯನವರು. ಇವರೆಲ್ಲರೂ ಹಗಲು ತಮ್ಮ ತಮ್ಮ ಕಾಯಕ ಮಾಡಿ ಬಂದವರು. ತಮ್ಮ ಅನ್ನವನ್ನು ತಾವೇ ದುಡಿದುಕೊಂಡು ಬಂದವನಿಗೆ ಸಭೆಯಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಬೇಕಾದ ಹಂಗಿರುವುದಿಲ್ಲ. ಕಾಯಕವು ಹೊಟ್ಟೆಪಾಡಿನ ಸಾಧನವಾಗಿದ್ದಂತೆ ಸಭೆಯಲ್ಲಿ ಸ್ವತಂತ್ರವಾಗಿ ನುಡಿಯುವ ಬಲವೂ ಆಗಿತ್ತು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳುತ್ತೇವೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರೆಂದು ಐತಿಹ್ಯ. ಈ ಕಥೆಯನ್ನು ನಾವು ನಿರಾಸೆಗೆ ದೃಷ್ಟಾಂತವಾಗಿ ಹೇಳುತ್ತೇವೆ. ಅದು ಸರಿ. ಈ ಸಲ ಓದಿದಾಗ ಇನ್ನೊಂದು ಅರ್ಥವೂ ಹೊಳೆಯಿತು. ಒಳ್ಳೆಯ ಕಾರ್ಯದಲ್ಲಿ ತೊಡಗಿದವನೂ ಅಳತೆ ತಪ್ಪಬಹುದು. ಆಗ ತಪ್ಪನ್ನು ತೋರಿಸುವ ಹಕ್ಕು ಬಳಿಯಲ್ಲಿದ್ದವರಿಗೆ ಇರಬೇಕು. ತೋರಿಸಿದಾಗ ಮುನಿಯದೆ ಹಿಂದಿರುಗಿ ನಡೆಯುವ ವಿನಯ ಮುಂದಿನವನಿಗೆ ಇರಬೇಕು. ಲಕ್ಕಮ್ಮನವರ ಮಾತು ಎಷ್ಟು ದೊಡ್ಡದೋ, ಮಾರಯ್ಯನವರು ಅಕ್ಕಿಯ ಗಂಟನ್ನು ಎತ್ತಿಕೊಂಡು ಮರಳಿ ಹೋದುದೂ ಅಷ್ಟೇ ದೊಡ್ಡದು.

ಕಲ್ಯಾಣ ಚದುರಿದ ಮೇಲೆ

ಅನುಭವ ಮಂಟಪವು ಬಹುಕಾಲ ಬಾಳಲಿಲ್ಲ. ಹರಳಯ್ಯ, ಮಧುವರಸರ ಮನೆಗಳ ನಡುವಣ ವಿವಾಹ ಸಂಬಂಧ, ಅದಕ್ಕೆ ದೊರೆತ ಘೋರ ಶಿಕ್ಷೆ, ಬಳಿಕ ನಡೆದ ಕ್ರಾಂತಿ, ಶರಣರ ಚದುರುವಿಕೆ ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಚೆನ್ನಬಸವಣ್ಣನವರ ಮುಂದಾಳತ್ವದಲ್ಲಿ ಶರಣರ ಒಂದು ತಂಡವು ಉಳವಿಯ ದಾರಿ ಹಿಡಿಯಿತು. ಲೋಕದ ದೃಷ್ಟಿಯಿಂದ ನೋಡಿದರೆ ಅದು ಒಂದು ಸಂಘಟನೆಯ ಅಂತ್ಯ. ಪೀಠವಿಲ್ಲ, ಮಹಾಮನೆಯಿಲ್ಲ, ರಾಜಾಶ್ರಯವಿಲ್ಲ.

ಆದರೂ ವಚನಗಳು ಉಳಿದವು. ಓಲೆಗರಿಯ ಕಟ್ಟುಗಳನ್ನು ಹೊತ್ತು ನಡೆದವರು, ಅವುಗಳನ್ನು ಮನೆಯ ಜಗಲಿಯ ಮೇಲೆ ಪೂಜೆಗಿಟ್ಟು ಕಾಪಾಡಿದವರು, ಜೀರ್ಣವಾದಾಗ ಹೊಸ ಗರಿಗೆ ನಕಲು ಮಾಡಿದವರು ಯಾರು ಯಾರೆಂಬುದನ್ನು ಇತಿಹಾಸ ಬರೆದಿಡಲಿಲ್ಲ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ನೂರೊಂದು ವಿರಕ್ತರು ಸೇರಿ ವಚನಗಳ ಸಂಗ್ರಹ, ಸಂಕಲನ, ವ್ಯಾಖ್ಯಾನಗಳ ಕೆಲಸಕ್ಕೆ ಕೈಹಚ್ಚಿದರೆಂದು ಪರಂಪರೆ ಹೇಳುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನವರ ಶೂನ್ಯಸಂಪಾದನೆಯು ಮೂಡಿದ್ದು ಆ ಶತಮಾನದಲ್ಲಿಯೇ. ಕಲ್ಯಾಣದ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸಿ, ಉತ್ತರಿಸಿ, ತಿದ್ದಿಕೊಂಡ ಸಂಭಾಷಣೆಯ ರೂಪದಲ್ಲಿ ಅವರು ವಚನಗಳನ್ನು ಜೋಡಿಸಿದರು. ಮಂಟಪ ಬಿದ್ದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅದರ ಸಭೆಯನ್ನು ಮತ್ತೆ ಕೂಡಿಸಿದವರು ಈ ಸಂಕಲನಕಾರರು.

ಇದರಿಂದ ತಿಳಿಯುವುದೇನು? ಮುಂದಾಳು ಇಲ್ಲವಾದ ದಿನ ಸಂಘದ ಪರೀಕ್ಷೆ ಆರಂಭವಾಗುತ್ತದೆ. ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಅವರೊಂದಿಗೆ ಅದೂ ಹೋಗುತ್ತದೆ. ಹಲವರ ಕೈಯಲ್ಲಿ ಹಂಚಿಹೋಗಿದ್ದರೆ ಮಾತ್ರ ಉಳಿಯುತ್ತದೆ.

ಮನೆ ಮಾರಿದವರು ಒಬ್ಬರೇ ಏಕೆ?

ಈ ಓಲೆಗರಿಗಳೇ ಮುಂದೆ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಫ. ಗು. ಹಳಕಟ್ಟಿಯವರ ಕೈಸೇರಿದವು. ಅವರನ್ನು ಕುರಿತು ಬರೆದ ಲೇಖನವು ಹನ್ನೊಂದರಲ್ಲಿ ಅತಿ ಹೆಚ್ಚು ಮೆಚ್ಚುಗೆಯ ಪತ್ರಗಳನ್ನು ತಂದಿತು. ಈಗ ನನ್ನನ್ನು ಅತಿ ಹೆಚ್ಚು ಕಾಡುತ್ತಿರುವುದೂ ಅದೇ.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಓದಿ, ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆಸಿದರು. ಹಳ್ಳಿ ಹಳ್ಳಿಗೆ ತಿರುಗಿ, ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದ ತಾಡೋಲೆಗಳನ್ನು ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಈ ಕಾಯಕವನ್ನು ಬಿಡಲಿಲ್ಲ.

ಆ ಲೇಖನದಲ್ಲಿ ಅವರ ತ್ಯಾಗವನ್ನು ಕೊಂಡಾಡಿ, ಇಂಥವರೊಬ್ಬರಿದ್ದರೆ ಸಾಕು ಎಂದು ಮುಗಿಸಿದ್ದೆನು. ಆ ಮಾತು ತಪ್ಪು. ಒಬ್ಬರು ಮನೆ ಮಾರಬೇಕಾದಾಗ ಉಳಿದ ಸಾವಿರ ಮನೆಗಳು ಏನು ಮಾಡುತ್ತಿದ್ದವು ಎಂದು ಕೇಳಬೇಕಾಗಿತ್ತು. ಅನುಕೂಲವಂತರು ಅಂದೂ ನಮ್ಮ ಸಮಾಜದಲ್ಲಿದ್ದರು. ಒಂದೊಂದು ಮನೆಯವರು ಅಲ್ಪಸ್ವಲ್ಪ ಕೊಟ್ಟಿದ್ದರೂ ಹಳಕಟ್ಟಿಯವರ ತಲೆಯ ಮೇಲಿನ ಸೂರು ಉಳಿಯುತ್ತಿತ್ತು. ಹತ್ತು ಮಂದಿಯ ಕಡ್ಡಿ ಒಬ್ಬನ ಹೊರೆ ಎಂಬುದು ನಮ್ಮ ಹಿರಿಯರ ಗಾದೆ. ಹತ್ತು ಮಂದಿ ತಮ್ಮ ತಮ್ಮ ಕಡ್ಡಿಯನ್ನು ತರದೇ ಹೋದರೆ, ಆ ಹೊರೆಯೆಲ್ಲ ಒಬ್ಬನ ತಲೆಯ ಮೇಲೆಯೇ ಬರುತ್ತದೆ.

ಹಳಕಟ್ಟಿಯವರು ಸಂಘಶಕ್ತಿಯನ್ನು ಅರಿಯದವರಲ್ಲ. ವಿಜಾಪುರದಲ್ಲಿ 1910ರಲ್ಲಿ ಶಿಕ್ಷಣ ಸಂಸ್ಥೆಯ ಸ್ಥಾಪನೆಯಲ್ಲಿಯೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಮುಂದೆ ನಿಂತವರು ಅವರೇ. ಶಾಲೆಗೆ ಜನ ಕೂಡಿದರು, ಬ್ಯಾಂಕಿಗೆ ಜನ ಕೂಡಿದರು; ಫಲ ಕಣ್ಣಿಗೆ ಕಾಣುತ್ತಿತ್ತು. ಓಲೆಗರಿಯ ಕೆಲಸಕ್ಕೆ ಫಲ ಬರಲು ತಡ. ಅಲ್ಲಿ ಹೆಗಲುಗಳು ಕಡಿಮೆಯಾದವು. ಅವರ ಒಂಟಿತನವನ್ನು ನಾವು ತ್ಯಾಗವೆಂದು ಹಾಡಿ ಹೊಗಳಿ, ನಮ್ಮ ಪಾಲಿನ ತಪ್ಪನ್ನು ಮರೆತೆವು.

ಏಳು ಮಂದಿ ಮತ್ತು ಒಂದು ಹಳ್ಳಿ

ಇದಕ್ಕೆ ಪ್ರತಿಯಾಗಿ ನಿಲ್ಲುವ ದೃಷ್ಟಾಂತವೂ ನಮ್ಮಲ್ಲಿಯೇ ಇದೆ. ಅದು ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. 1916ರ ನವೆಂಬರ್ 13ರಂದು ಒಂದು ಶಾಲೆಯಿಂದ ಆರಂಭವಾದ ಈ ಸಂಸ್ಥೆಯ ಸ್ಥಾಪಕರನ್ನು ಸಪ್ತರ್ಷಿಗಳೆಂದು ಕರೆಯುತ್ತೇವೆ. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಮೊದಲಾದವರು ಆಗಿನ್ನೂ ತರುಣರು. ಹೊರಗೆ ಸಂಪಾದನೆಯ ದಾರಿಗಳು ತೆರೆದಿದ್ದರೂ ಅವುಗಳನ್ನು ಬಿಟ್ಟು ಈ ಶಾಲೆಗೆ ಬಾಳನ್ನು ಒಪ್ಪಿಸಿದರು. ಪಾಠ ಹೇಳುವುದು, ಲೆಕ್ಕ ಬರೆಯುವುದು, ವಂತಿಗೆಗಾಗಿ ಊರೂರು ತಿರುಗುವುದು ಎಲ್ಲವೂ ಅವರದೇ ಕೆಲಸ. ಅದರ ನಡುವೆಯೇ ಬಸವನಾಳರು ವಚನಗಳ ಸಂಪಾದನೆಯಲ್ಲಿಯೂ ಸಾಖರೆಯವರು ಧರ್ಮತತ್ವದ ಅಧ್ಯಯನದಲ್ಲಿಯೂ ಹೆಸರಾದರು. ಏಳು ಜನರಲ್ಲಿ ಹೊರೆ ಹಂಚಿಹೋದುದರಿಂದಲೇ ಒಬ್ಬೊಬ್ಬರಿಗೆ ಓದಲು ಬರೆಯಲು ಉಸಿರು ಉಳಿಯಿತು.

ಅವರಿಗಿಂತ ಮೊದಲೇ ಬೀಜ ಬಿದ್ದಿತ್ತು. 1904ರಲ್ಲಿ ಧಾರವಾಡದಲ್ಲಿ ಕೂಡಿದ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ತ್ಯಾಗವೀರ ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ಆರಂಭವಾದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಹಣವಿದ್ದವರು ಹಣವನ್ನು, ವಿದ್ಯೆಯಿದ್ದವರು ವಿದ್ಯೆಯನ್ನು, ಏನೂ ಇಲ್ಲದವರು ಮುಷ್ಟಿ ಧಾನ್ಯವನ್ನು ತಂದರೆ ಸಂಸ್ಥೆ ಬೆಳೆಯುತ್ತದೆ. ಇಂದು ಆ ಸಂಸ್ಥೆಯ ಆಶ್ರಯದಲ್ಲಿ ಇನ್ನೂರಕ್ಕೂ ಮಿಕ್ಕಿದ ಅಂಗಸಂಸ್ಥೆಗಳಿವೆ. ಏಳು ಜನರಲ್ಲಿ ದೊಡ್ಡವರು ಯಾರೆಂದು ಕೇಳಿದರೆ ಸಾಮಾನ್ಯ ಓದುಗನಿಗೆ ಉತ್ತರ ಹೊಳೆಯುವುದಿಲ್ಲ. ಅದೇ ಅವರ ದೊಡ್ಡತನ.

ಇನ್ನೊಂದು ದೃಷ್ಟಾಂತವು ಗದಗ ತಾಲ್ಲೂಕಿನ ಕಣಗಿನಹಾಳ ಎಂಬ ಹಳ್ಳಿಯದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆ ಹಳ್ಳಿಯ ರೈತರು ಸಂಘವೊಂದನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಅಂದಿನ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘದ ಸಾಲ ತೀರದೇ ಹೋದರೆ ಎಲ್ಲ ಸದಸ್ಯರೂ ಕೂಡಿ ಅದಕ್ಕೆ ಬಾಧ್ಯರು. ಆದುದರಿಂದ ಯಾರಿಗೆ ಸಾಲ ಕೊಡಬೇಕು, ಅವನು ಅದನ್ನು ಬಿತ್ತನೆಗೆ ಬಳಸಿದನೋ ಮದುವೆಗೆ ಬಳಸಿದನೋ ಎಂಬುದನ್ನು ಊರವರೆಲ್ಲ ನೋಡಿಕೊಳ್ಳಬೇಕಾಗಿತ್ತು. ಸಭೆಯಲ್ಲಿ ಒಬ್ಬನಿಗೆ ಒಂದೇ ಮತ. ನಂಬಿಕೆಯ ಜೊತೆಗೆ ಲೆಕ್ಕವೂ, ಪ್ರೀತಿಯ ಜೊತೆಗೆ ನಿಯಮವೂ ಇದ್ದರೆ ಸಾಮಾನ್ಯ ರೈತರೂ ಸಾಹುಕಾರನ ಬಾಗಿಲಿಗೆ ಹೋಗದೆ ಬದುಕಬಹುದೆಂಬುದನ್ನು ಆ ಹಳ್ಳಿ ತೋರಿಸಿತು. ನಾಯಕರಾದ ಪಾಟೀಲರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರ ಮಾತನ್ನು ನಂಬಿ, ತಿಳಿದೂ ತಿಳಿದೂ ನೆರೆಯವನ ಸಾಲಕ್ಕೆ ತಮ್ಮ ಹೊಲವನ್ನು ಹೊಣೆ ಮಾಡಿದ ಆ ರೈತರನ್ನೂ ನೆನೆಯಬೇಕು.

ಕೈಯಿಂದ ಕೈಗೆ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಲೇಖನದಲ್ಲಿ ಸಂಗೀತದ ಮಾತನ್ನೇ ಹೆಚ್ಚು ಬರೆದಿದ್ದೆನು. ಅಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಶಿಕ್ಷಣಕ್ಕೆ ದಾರಿ ಮಾಡಿದರು. ಆತನೇ ಪಂಚಾಕ್ಷರಿ ಗವಾಯಿಗಳಾದರು. ಪಂಚಾಕ್ಷರಿ ಗವಾಯಿಗಳು ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ಊರೂರು ತಿರುಗುತ್ತ, ನಾಟಕ ಮಂಡಳಿಯ ಗಳಿಕೆಯಿಂದಲೂ ಭಕ್ತರ ಕಾಣಿಕೆಯಿಂದಲೂ ಅವರನ್ನು ಸಾಕಿ ವಿದ್ಯೆ ಕಲಿಸಿದರು. ಆ ಮಕ್ಕಳಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಶಿಷ್ಯರು ಹೊಣೆ ಹೊತ್ತರು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷ, ಆ ಹಣತೆ ಆರಲಿಲ್ಲ. ಗುರುವು ತನ್ನ ಜೀವಿತಕಾಲದಲ್ಲಿಯೇ ಶಿಷ್ಯನಿಗೆ ಎಲ್ಲವನ್ನೂ ಕಲಿಸಿದ್ದನು. ಯಾವ ವಿದ್ಯೆಯನ್ನೂ ತನ್ನ ಹಿರಿಮೆಗಾಗಿ ಬಚ್ಚಿಟ್ಟುಕೊಂಡಿರಲಿಲ್ಲ.

ಸಿದ್ಧಗಂಗೆಯಲ್ಲಿಯೂ ಇದನ್ನೇ ಕಾಣುತ್ತೇವೆ. ಉದ್ದಾನ ಶಿವಯೋಗಿಗಳ ಬಳಿಕ 1941ರಲ್ಲಿ ಶಿವಕುಮಾರ ಸ್ವಾಮಿಗಳು ಮಠದ ಹೊಣೆ ಹೊತ್ತರು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಡುವ ಆ ತ್ರಿವಿಧ ದಾಸೋಹವನ್ನು ನೋಡಿದವರು ಸ್ವಾಮಿಗಳಿಗೆ ಕೈಮುಗಿಯುತ್ತಾರೆ. ಕೈಮುಗಿಯಲೇಬೇಕು. ಅದರೊಂದಿಗೆ, ಸುಗ್ಗಿಯಾದೊಡನೆ ರಾಗಿಯ ಚೀಲವನ್ನೂ ತೆಂಗಿನಕಾಯಿಯನ್ನೂ ಗಾಡಿಯಲ್ಲಿ ಹೇರಿಕೊಂಡು ಮಠಕ್ಕೆ ಬರುವ ರೈತನನ್ನೂ, ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವವರನ್ನೂ, ಉಂಡೆದ್ದ ಮೇಲೆ ಪಂಕ್ತಿ ಬಳಿಯುವ ಕೈಗಳನ್ನೂ ನೆನೆಯಬೇಕು. ಪತ್ರ ಬರೆದ ತಾಯಿಗೆ ನಾನು ಕೊಡಬೇಕಾದ ಉತ್ತರ ಇಲ್ಲಿದೆ. ಕೊಪ್ಪರಿಗೆ ತಿಕ್ಕಿದವರ ಹೆಸರು ನನಗೆ ತಿಳಿಯದು. ಅದನ್ನು ಕೇಳಿ ತಿಳಿಯಬೇಕೆಂಬ ಬುದ್ಧಿಯೂ ನನಗೆ ಬಂದಿರಲಿಲ್ಲ.

ಸ್ವಾಮಿಗಳು 1988ರಲ್ಲಿಯೇ ಉತ್ತರಾಧಿಕಾರಿಗಳನ್ನು ಗೊತ್ತುಮಾಡಿದ್ದರು. ಆಗ ಅವರಿಗೆ ಎಂಬತ್ತೊಂದು ವರ್ಷ. ಮುಂದಿನ ಮೂವತ್ತು ವರ್ಷ ಇಬ್ಬರೂ ಒಂದೇ ಮಠದಲ್ಲಿ ಕೂಡಿ ದುಡಿದರು. 2019ರ ಜನವರಿ 21ರಂದು ಹಿರಿಯ ಸ್ವಾಮಿಗಳು ಲಿಂಗೈಕ್ಯರಾದ ದಿನ, ಮಕ್ಕಳ ಊಟ ಮುಗಿಯುವವರೆಗೆ ಆ ವಾರ್ತೆಯನ್ನು ಹೊರಗೆ ಹೇಳಲಿಲ್ಲವೆಂದೂ, ಅದು ಸ್ವಾಮಿಗಳ ಇಚ್ಛೆಯೇ ಆಗಿತ್ತೆಂದೂ ಪತ್ರಿಕೆಗಳು ವರದಿ ಮಾಡಿದವು. ನೂರಾಹನ್ನೊಂದು ವರ್ಷ ಬಾಳಿದವರು ತಾವಿಲ್ಲದ ಮೊದಲ ದಿನದ ಊಟವೂ ತಪ್ಪದಂತೆ ಏರ್ಪಾಡು ಮಾಡಿಟ್ಟು ಹೋದರು. ಮರುದಿನವೂ ಒಲೆ ಉರಿಯಿತು. ಇಂದೂ ಉರಿಯುತ್ತಿದೆ.

ನಾನು ಬರೆಯದೆ ಬಿಟ್ಟ ಸಂಗತಿ

ಇಷ್ಟನ್ನು ಬರೆದ ಮೇಲೆ ನನ್ನದೇ ಒಂದು ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಹನ್ನೊಂದು ತಿಂಗಳು ಅದನ್ನು ಮುಚ್ಚಿಟ್ಟೇ ಬರೆದೆನು.

ನಮ್ಮ ಊರಿನ ಒಂದು ಉಚಿತ ವಿದ್ಯಾರ್ಥಿ ನಿಲಯಕ್ಕೆ ನಾನು ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದೆನು. ಸಮಿತಿಯಲ್ಲಿ ಹನ್ನೊಂದು ಜನರಿದ್ದರೂ ಕೆಲಸವೆಲ್ಲವನ್ನೂ ನಾನೇ ಮಾಡುತ್ತಿದ್ದೆನು. ದಿನಸಿ ಅಂಗಡಿಯ ಲೆಕ್ಕ, ಬ್ಯಾಂಕಿನ ಕಾಗದ, ಉಗ್ರಾಣದ ಬೀಗದ ಕೈ, ಹುಡುಗರ ವಿದ್ಯಾರ್ಥಿವೇತನದ ಅರ್ಜಿ ಯಾವುದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ. ವಾರ್ಷಿಕ ಸಭೆಯಲ್ಲಿ ಪ್ರತಿ ಸಲವೂ ಶಾಲು ಹೊದಿಸಿ, ಇವರಿಲ್ಲದಿದ್ದರೆ ನಿಲಯವೇ ಇಲ್ಲ ಎಂದು ಹೊಗಳುತ್ತಿದ್ದರು. ಆ ಮಾತು ನನಗೆ ಹಿತವಾಗಿತ್ತು. ಅದು ಒಂದು ದಿನ ಅಕ್ಷರಶಃ ನಿಜವಾಗಬಹುದೆಂದು ಹೊಳೆದಿರಲಿಲ್ಲ.

ಒಂದು ಶ್ರಾವಣದಲ್ಲಿ ನಾನು ಕಾಯಿಲೆ ಬಿದ್ದು, ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದೆನು. ಅಡುಗೆಯವರು ಹೇಗೋ ಊಟ ನಡೆಸಿದರು. ಆದರೆ ವಿದ್ಯಾರ್ಥಿವೇತನದ ಅರ್ಜಿಗಳು ನನ್ನ ಮನೆಯ ಕಪಾಟಿನಲ್ಲಿಯೇ ಉಳಿದವು. ಅವು ಅಲ್ಲಿವೆಯೆಂದು ಸಮಿತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗಡುವು ಮುಗಿಯಿತು. ಒಂಬತ್ತು ಹುಡುಗರಿಗೆ ಆ ವರ್ಷದ ವೇತನ ತಪ್ಪಿತು. ಎಂಟು ಜನರ ಶುಲ್ಕವನ್ನು ಹೇಗೋ ಹೊಂದಿಸಿದೆವು. ಒಂಬತ್ತನೆಯವನು ನಮಗೆ ಹೇಳದೆಯೇ ಊರಿಗೆ ಹೋಗಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದನು. ಎದ್ದು ಓಡಾಡುವಂತಾದ ಮೇಲೆ ನಾನೇ ಹೋಗಿ ಕರೆದೆನು. ಅವನು ಮರಳಿ ಬರಲಿಲ್ಲ. “ಬಿಡಿ ಅಜ್ಜಾರೇ, ಈಗ ಮನೆಗೆ ನನ್ನ ಪಗಾರ ಬೇಕಾಗಿದೆ” ಎಂದನು. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಸಮಿತಿಯ ಸಭೆಯಲ್ಲಿ ನಾನು ತಪ್ಪೊಪ್ಪಿಕೊಂಡಾಗ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, “ಕಾರ್ಯದರ್ಶಿಗಳೇ, ನೀವು ನಮ್ಮನ್ನು ಕೇಳಲಿಲ್ಲ, ನಿಜ. ನಾವೂ ನಿಮ್ಮನ್ನು ಕೇಳಲಿಲ್ಲ. ನಿಮ್ಮನ್ನು ಹೊಗಳುವುದು ನಮಗೆ ಅನುಕೂಲವಾಗಿತ್ತು” ಎಂದರು.

ಆ ಒಂದು ಮಾತಿನಲ್ಲಿ ನನ್ನ ಹನ್ನೊಂದು ಲೇಖನಗಳಲ್ಲಿ ಇಲ್ಲದ ತಿಳಿವಿದೆ. ಎಲ್ಲವನ್ನೂ ತಾನೇ ಹಿಡಿದುಕೊಳ್ಳುವವನದು ಒಂದು ತಪ್ಪು. ಹೊಗಳಿ ದೂರ ನಿಲ್ಲುವವರದು ಇನ್ನೊಂದು ತಪ್ಪು. ಎರಡೂ ಒಂದನ್ನೊಂದು ಪೋಷಿಸುತ್ತವೆ. ನಾವು ಹಳಕಟ್ಟಿಯವರನ್ನು ಹೊಗಳಿದಂತೆ ಸಮಿತಿಯವರು ನನ್ನನ್ನು ಹೊಗಳುತ್ತಿದ್ದರು. ವ್ಯತ್ಯಾಸವೆಂದರೆ, ಹಳಕಟ್ಟಿಯವರು ಹೆಗಲು ಕೊಡುವವರಿಲ್ಲದೆ ಒಂಟಿಯಾದರು. ನಾನು ಹೆಗಲುಗಳಿದ್ದರೂ ಒಲ್ಲೆನೆಂದು ಒಂಟಿಯಾದೆನು. ಅವರ ಒಂಟಿತನದ ಬೆಲೆಯನ್ನು ಅವರೇ ತೆತ್ತರು. ನನ್ನದರ ಬೆಲೆಯನ್ನು ಒಬ್ಬ ಹುಡುಗ ತೆತ್ತನು.

ನಮ್ಮ ಮನೆಗಳಲ್ಲಿ

ಇದು ಸಂಸ್ಥೆಗಳ ಮಾತು, ನಮಗೇನು ಸಂಬಂಧವೆಂದು ಗೃಹಿಣಿಯರು ಕೇಳಬಹುದು. ಮನೆಯೂ ಒಂದು ಸಂಸ್ಥೆಯೇ. ಯಜಮಾನರು ತೀರಿಕೊಂಡ ಮೇಲೆ ಹೊಲದ ಕಾಗದ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ತಿಳಿಯದೆ ಕಂಗೆಟ್ಟ ಎಷ್ಟು ತಾಯಂದಿರನ್ನು ನಾವು ಕಂಡಿಲ್ಲ? ಅಡುಗೆಮನೆಯ ಅಧಿಕಾರವನ್ನು ಕೊನೆಯ ಉಸಿರಿನವರೆಗೂ ಬಿಡದ ಅತ್ತೆ, ನಡುವಯಸ್ಸು ದಾಟಿದರೂ ಉಗ್ರಾಣದ ಬೀಗದ ಕೈ ಕಾಣದ ಸೊಸೆ, ನಲವತ್ತು ದಾಟಿದರೂ ತಂದೆಯ ಎದುರು ಲೆಕ್ಕ ಕೇಳಲಾರದ ಮಗ ಇವರೆಲ್ಲ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಇನ್ನೊಂದು ಕಡೆ, ಎಲ್ಲವನ್ನೂ ಅವ್ವ ನೋಡಿಕೊಳ್ಳುತ್ತಾಳೆ ಎಂದು ನಿಶ್ಚಿಂತೆಯಿಂದಿದ್ದು, ತಾಯಂದಿರ ದಿನ ಬಂದಾಗ ಅವಳನ್ನು ದೇವತೆಯೆಂದು ಹಾಡುವವರೂ ನಾವೇ. ಉಂಡ ತಟ್ಟೆಯನ್ನು ಎತ್ತಿಡುವ ಒಂದು ಕೈ ಆ ಹಾಡಿಗಿಂತ ಅವಳಿಗೆ ಹೆಚ್ಚು ಹಗುರ ಮಾಡುತ್ತದೆ.

ಆದುದರಿಂದ ವರ್ಷದ ಕೊನೆಯಲ್ಲಿ ಕೆಲವು ಮಾತುಗಳನ್ನು ವಿನಂತಿಯಾಗಿ ಇಡುತ್ತೇನೆ. ಮನೆಯಲ್ಲಾಗಲಿ ಸಂಘದಲ್ಲಾಗಲಿ, ಯಾವ ಕೆಲಸವೂ ಒಬ್ಬರಿಗೆ ಮಾತ್ರ ಗೊತ್ತಿರಬಾರದು. ಪ್ರತಿಯೊಂದು ಬೀಗಕ್ಕೆ ಎರಡು ಕೀಲಿಕೈಗಳಿರಲಿ, ಅವು ಇಬ್ಬರ ಬಳಿ ಇರಲಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಎದುರು ಓದಲಿ. ಪ್ರಶ್ನೆ ಕೇಳಿದವನನ್ನು ವಿರೋಧಿಯೆಂದು ಎಣಿಸದಿರಲಿ. ಅಧ್ಯಕ್ಷ ಪೀಠದಲ್ಲಿ ಬಹುಕಾಲ ಕುಳಿತವರು ತಾವಿರುವಾಗಲೇ ಮತ್ತೊಬ್ಬರನ್ನು ಕುಳ್ಳಿರಿಸಿ, ಪಕ್ಕದಲ್ಲಿ ನಿಂತು ಕಲಿಸಲಿ. ಸಮಿತಿಯಲ್ಲಿ ಹೆಣ್ಣುಮಕ್ಕಳ ಹೆಸರನ್ನು ಪಟ್ಟಿಗಾಗಿ ಬರೆಯದೆ, ಲಕ್ಕಮ್ಮನವರಂತೆ ಅಳತೆ ತಪ್ಪಿದ್ದನ್ನು ಹೇಳುವ ಹಕ್ಕನ್ನೂ ಅವರಿಗೆ ಕೊಡಲಿ. ಶಾಲು ಹೊದಿಸುವ ಮೊದಲು, ಈ ಮನುಷ್ಯನ ಹೊರೆಯಲ್ಲಿ ನನ್ನ ಪಾಲು ಎಷ್ಟು ಎಂದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಲಿ.

ನಿಲಯದ ಕಾರ್ಯದರ್ಶಿತ್ವವನ್ನು ಮರುವರ್ಷವೇ ತರುಣರೊಬ್ಬರಿಗೆ ಒಪ್ಪಿಸಿದೆನು. ಮೊದಲ ಕೆಲವು ತಿಂಗಳು ಅವರು ನನ್ನಂತೆ ಮಾಡುತ್ತಿಲ್ಲವೆಂದು ಮನಸ್ಸು ಚಡಪಡಿಸಿತು. ಈಗ ಅವರು ಅರ್ಜಿಗಳ ಕೆಲಸವನ್ನು ಮೇಲಿನ ತರಗತಿಯ ಹುಡುಗರಿಗೇ ಹಂಚಿಕೊಟ್ಟಿದ್ದಾರೆ. ಗಡುವಿನ ದಿನಾಂಕವನ್ನು ಊಟದ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ. ಇಷ್ಟು ಸರಳವಾದ ಉಪಾಯ ಹದಿನಾಲ್ಕು ವರ್ಷಗಳಲ್ಲಿ ನನಗೆ ಹೊಳೆಯಲಿಲ್ಲ. ಕಳೆದ ತಿಂಗಳು ನಾನು ಅಲ್ಲಿಗೆ ಹೋದಾಗ ಹೊಸದಾಗಿ ಸೇರಿದ ಹುಡುಗನೊಬ್ಬನು, “ತಾವು ಯಾರು?” ಎಂದು ಕೇಳಿದನು. ಕ್ಷಣಕಾಲ ಮನಸ್ಸಿಗೆ ನೋವಾಯಿತು. ಆಮೇಲೆ ಪಂಕ್ತಿಯ ಕೊನೆಯಲ್ಲಿ ಅವನ ಪಕ್ಕ ಕುಳಿತು ಪ್ರಸಾದ ಸ್ವೀಕರಿಸಿದೆನು. ಎಲ್ಲರೂ ಎದ್ದ ಮೇಲೆ ಅವನೊಂದಿಗೆ ನನ್ನ ತಟ್ಟೆಯನ್ನು ನಾನೇ ತೊಳೆದಿಟ್ಟೆನು.